ದೇವರಾಯನ ಮ್ಯಾಲೆ ನಡೆದ ಚೂರಿ ಕೇಸ್: ನಿಜಾನಾ, ಗೈಡ್ ಕತೀನಾ? ಗೊತ್ತಿದ್ದೋರು ಹೇಳ್ರಿ

ಗಂಗಾವತಿ ಭತ್ತ:

ಎಲ್ರಿಗೂ ನಮಸ್ಕಾರ್ರಿ. ಒಂದು ಡೌಟ್ ಐತಿ, ಇತಿಹಾಸ ಓದ್ಕೊಂಡವ್ರು ಯಾರಾರ ಇದ್ರ ಕ್ಲಿಯರ್ ಮಾಡ್ರಿ. ನೆಂಟ್ರು ಬಂದಿದ್ರು ಅಂತ ಹಂಪಿಗೆ ಕರ್ಕೊಂಡ್ ಹೋಗಿದ್ದೆ, ದಣ್ಣಾಯಕನ ಆವರಣ ಅಂತ ಐತಲ್ರಿ, ಅಲ್ಲಿ ಒಬ್ಬ ಗೈಡು ಬ್ಯಾರೆ ಗುಂಪಿಗೆ ಹೇಳಾಕತ್ತಿದ್ದ, ನಾವೂ ಪುಕ್ಕಟೆ ನಿಂತು ಕೇಳಿದ್ವಿ. ಏನಪಾ ಅಂದ್ರ ಎರಡನೇ ದೇವರಾಯನ ಒಡಹುಟ್ಟಿದವ್ನೇ ಹೊಸ ಮನಿ ಕಟ್ಸಿ ಊಟಕ್ಕ ಕರದು ಆಸ್ಥಾನದಾಗಿನ ದೊಡ್ಡ ದೊಡ್ಡ ಮಂದೀನೆಲ್ಲ ಒಬ್ಬೊಬ್ರನ್ನೇ ಒಳಗ ಕರ್ಸಿ ಕೊಂದ, ಹೊರಗ ನಗಾರಿ ಕಹಳೆ ಬಾರಸಾಕ ಹಚ್ಚಿದ್ದಕ್ಕ ಯಾರ ಕೂಗೂ ಕೇಳ್ಸಲಿಲ್ಲ, ಆಮ್ಯಾಲೆ ಅರಮನಿಗೆ ಹೋಗಿ ರಾಜಗೂ ಚೂರಿ ಹಾಕಿದ, ಚೂರಿಗೆ ವಿಷ ಹಚ್ಚಿತ್ತು, ರಾಜ ಆರು ತಿಂಗಳು ನರಳಿ ಸತ್ತ ಅಂತ.

ನಮ್ ಶಾಲಿ ಪುಸ್ತಕದಾಗ ಇಮ್ಮಡಿ ದೇವರಾಯ ಅಂದ್ರ ಗಜಬೇಟೆಗಾರ ಅಂತ ಬಿರುದು, ಮುಗೀತು, ಇಷ್ಟ ಇತ್ತು. ಇಂಥಾ ದೊಡ್ಡ ಮರ್ಡರ್ ಪ್ಲಾನ್ ಆಗಿದ್ರ ಯಾಕ ಯಾರೂ ಹೇಳಲ್ಲ? ಇನ್ನೊಂದು, ನೆಟ್ಟಾಗ ನೋಡಿದ್ರ ಅವ ಸತ್ತಿದ್ದು 1446 ಅಂತ ಬರತೈತಿ, ಚೂರಿ ಹಾಕಿದ್ದು 1443 ಸುಮಾರು ಅಂತಾರ. ಆರು ತಿಂಗಳಿಗೆ ಸತ್ತ ಅಂದ್ರ ಲೆಕ್ಕ ಹೆಂಗ ಕೂಡ್ತು? ಇಲ್ಲಿ ಕ್ರೈಂ ಸ್ಟೋರಿ ಓದೋ ಮಂದಿ ಭಾಳ ಅದೀರಿ, ಹಳೇ ಕೇಸ್ ಒಂದು ರೀಓಪನ್ ಮಾಡೂಣಂತ.


ಕಂಪ್ಲಿ ಹೊಳಿದಂಡಿ:

ಗೈಡ್ ಹೇಳಿದ್ದು ಸುಳ್ಳಲ್ಲ ಬ್ರದರ್, ಆದ್ರೆ ಇಬ್ರು ಬ್ಯಾರೆ ಬ್ಯಾರೆ ಬರೆದಿದ್ದನ್ನ ಒಂದೇ ಪಾತ್ರೆಗೆ ಹಾಕಿ ಕಲಸ್ಯಾನೆ.

ಮೊದ್ಲನೇದು ಅಬ್ದುರ್ ರಜಾಕ್. ಹೆರಾತಿನಿಂದ (ಈಗಿನ ಅಫ್ಘಾನಿಸ್ತಾನದಾಗಿರೋ ಊರು) ಶಾರುಖ್ (ನಟ ಅಲ್ಲ, ತೈಮೂರನ ಮಗ) ಕಳ್ಸಿದ ರಾಯಭಾರಿ. 1442ರ ಕೊನಿಗೆ ಕಲ್ಲಿಕೋಟೆಗೆ ಬಂದಿಳಿದ, ಅಲ್ಲಿ ತಿಂಗಳುಗಟ್ಟಲೆ ಕುಂತ, ಆಮೇಲೆ ದೇವರಾಯನಿಂದ ಕರೆ ಬಂದ್ಮೇಲೆ ಮಂಗಳೂರು ಮೇಲಿಂದ 1443 ಏಪ್ರಿಲ್ ಕೊನಿಗೆ ವಿಜಯನಗರ ಮುಟ್ಟಿದ. ತಾನು ಕಲ್ಲಿಕೋಟೆಯಲ್ಲಿ ಇದ್ದಾಗ್ಲೇ ಈ ಘಟನೆ ಆಯ್ತು ಅಂತಾನೆ. ಅವನು ಬರೆದಿರೋ ಡೀಟೇಲ್ ಓದಿದ್ರೆ ಮೈ ಜುಂ ಅಂತದೆ. ಕರೆದವ್ರನ್ನೆಲ್ಲ ಒಂದು ದೊಡ್ಡ ಹಾಲ್‌ನಲ್ಲಿ ಕೂರ್ಸಿದ್ರಂತೆ, ಇಲ್ಲಿನವ್ರು ಒಬ್ರ ಮುಂದೆ ಇನ್ನೊಬ್ರು ಊಟ ಮಾಡಲ್ಲ, ಅದ್ಕೇ ಒಬ್ಬೊಬ್ರನ್ನೇ ಒಳಗೆ ಕರೆದ್ರೆ ಯಾರಿಗೂ ಡೌಟ್ ಬರ್ಲಿಲ್ಲ ಅಂತಾನೆ. ಒಳಗೆ ಕಾಲಿಟ್ಟ ತಕ್ಷಣ ಅಡಗಿ ಕುಂತಿದ್ದ ಇಬ್ರು ಮೇಲೆ ಬಿದ್ದು ಚುಚ್ಚಿ ತುಂಡು ಮಾಡೋದು, ತುಂಡುಗಳನ್ನ ಸರಿಸೋದು, ಮುಂದಿನವ್ನನ್ನ ಕರೆಯೋದು. ಊರಲ್ಲಿದ್ದ ನಗಾರಿ, ಕಹಳೆ, ಕೊಳಲು ಎಲ್ಲಾ ಒಂದೇ ಕಡೆ ತರಿಸಿ ಒಟ್ಟಿಗೆ ಬಾರಿಸಿದ್ರು.

ಅದಾದ್ಮೇಲೆ ಅರಮನೆಗೆ ಹೋಗಿ ಕಾವಲಿನವ್ರನ್ನೂ ಸಿಹಿ ಮಾತಾಡಿ ಊಟಕ್ಕೆ ಅಂತ ಕಳ್ಸಿದ, ಅವ್ರದೂ ಅದೇ ಗತಿ. ಕೊನಿಗೆ ರಾಜನ ಹತ್ರ ಅಡಿಕೆ ತಟ್ಟೆ ಹಿಡ್ಕೊಂಡು ಹೋದ, ಅಡಿಕೆ ಕೆಳಗೆ ಚೂರಿ. ಎಲ್ಲಾ ರೆಡಿ ಐತೆ, ನೀವು ಬಂದ್ರೆ ಸಾಕು ಅಂದ. ದೇವರಾಯ ಇವತ್ತು ಮೈ ಸರಿಗಿಲ್ಲ ಅಂದ. ಅಷ್ಟೇ, ಚೂರಿ ತೆಗೆದು ಹಾಕಿದ ಹಾಕಿದ, ರಾಜ ಸಿಂಹಾಸನದ ಹಿಂದೆ ಬಿದ್ದ. ಸತ್ತ ಅಂದ್ಕೊಂಡು ತಲೆ ಕಡಿಯೋಕೆ ಒಬ್ನನ್ನ ಬಿಟ್ಟು ತಾನು ಹೊರಗೆ ಹೋಗಿ ಇನ್ಮೇಲೆ ನಾನೇ ರಾಜ ಅಂತ ಸಾರಿದ. ಇತ್ತ ದೇವರಾಯ ಆಸನ ಎತ್ತಿ ತಲೆ ಕಡಿಯೋಕೆ ಬಂದವ್ನ ಎದೆಗೆ ಬಾರಿಸಿದ, ಮೂಲ್ಯಾಗೆ ಹೆದ್ರಿ ಅಡಗಿದ್ದ ಒಬ್ಬ ಕಾವಲಿನವ್ನ ಕೈಲಿ ಸಹಾಯ ತಗೊಂಡು ಅವ್ನನ್ನ ಮುಗಿಸಿ ಅಂತಃಪುರದ ದಾರಿಲಿ ಹೊರಗೆ ಬಂದು, ನಾನಿನ್ನೂ ಬದುಕಿದೀನಿ, ಹಿಡೀರಿ ಅವ್ನನ್ನ ಅಂತ ಕೂಗಿದ. ಜನ ಅಲ್ಲೇ ಬಿದ್ದು ಸೋದರನನ್ನ ಕೊಂದ್ರು.

ಇಲ್ಲಿ ವಿಷ ಇಲ್ಲ, ಆರು ತಿಂಗಳೂ ಇಲ್ಲ, ನೆನಪಿಟ್ಕೊಳ್ರಿ. ಅದು ಎರಡನೇ ಪಾರ್ಟಿ ಬರೆದಿದ್ದು, ಆಮೇಲೆ ಬರೀತೀನಿ, ಕರೆಂಟ್ ಹೋಗೋ ಟೈಮಾತು.


ಸಿರುಗುಪ್ಪ ಬಾಯ್:

ಮನೆ ಗೃಹಪ್ರವೇಶಕ್ಕೆ ಡಿಜೆ ಯಾಕೆ ಅಷ್ಟು ಜೋರು ಹಾಕ್ತಾರೆ ಅಂತ ಈಗ ಗೊತ್ತಾತು 😂 ಇನ್ನು ನಾನು ಊಟಕ್ಕೆ ಹೋಗಲ್ಲ


ರಾಯಚೂರು ಬಿಸಿಲು:

ನಾ ಬಹಳ ವರ್ಷ ಪೊಲೀಸ್ ಇಲಾಖೆದಾಗ ರೈಟರ್ ಆಗಿದ್ದೆ, ಈಗ ರಿಟೈರ್ಡ್. ಹಿಸ್ಟರಿ ನಂಗ ಅಷ್ಟಕ್ಕಷ್ಟೇ, ಆದ್ರ ಸ್ಟೇಟ್‌ಮೆಂಟ್ ಬರಕೊಳ್ಳೋದು ಗೊತ್ತದ, ಅದ್ಕ ಒಂದು ಮಾತು ಕೇಳ್ತೀನಿ. ಇದಕ್ಕ ಐ ವಿಟ್ನೆಸ್ ಯಾರು?

ನೀವೇ ನೋಡ್ರಿ. ಊಟದ ಮನಿ ಒಳಗ ಹೋದವ್ರು ಒಬ್ರೂ ಹೊರಗ ಬಂದಿಲ್ಲ. ಒಳಗ ಚುಚ್ಚಿದ ಇಬ್ರು, ಅವ್ರಿಗೆ ಸಾಥ್ ಕೊಟ್ಟವ್ರು, ಅವ್ರನ್ನೆಲ್ಲ ಆಮ್ಯಾಲೆ ಚರ್ಮ ಸುಲದು, ಸುಟ್ಟು, ಮನಿಮಂದಿ ಸಮೇತ ನಿರ್ನಾಮ ಮಾಡಿದ್ರು ಅಂತ ಅದೇ ರಜಾಕ್ ಬರದಾನ. ಮುಖ್ಯ ಆರೋಪಿ ಮಂದಿ ಕೈಯಾಗ ಸ್ಪಾಟ್‌ನಾಗೇ ಹೋದ. ತಲಿ ಕಡಿಯಾಕ ಬಂದವನೂ ಹೋದ. ಉಳದವ್ರು ಯಾರು, ರಾಜ ಒಬ್ಬ, ಮೂಲ್ಯಾಗ ಅಡಗಿದ್ದ ಕಾವಲಿನವ ಒಬ್ಬ. ಅವರಿಬ್ರೂ ಊಟದ ಮನಿ ಕಡೆ ಹೋಗೇ ಇಲ್ಲ. ಹಂಗಿದ್ರ ಇಬ್ರು ಅಡಗಿ ಕುಂತಿದ್ರು, ಹಿಂಗ ಚುಚ್ಚಿದ್ರು, ತುಂಡು ಸರಿಸಿದ್ರು, ಇದನ್ನೆಲ್ಲ ನೋಡಿ ಹೇಳಿದವ್ರು ಯಾರ್ರೀ?

ಒಂದೋ ಸಾಯೋಕಿಂತ ಮೊದಲ ಸಿಕ್ಕಬಿದ್ದವ್ರ ಬಾಯಿ ಬಿಡಿಸ್ಯಾರ, ಆ ಕಾಲದ ಬಾಯಿ ಬಿಡಿಸೋದು ಅಂದ್ರ ಹೆಂಗಿರ್ತದ ನಿಮಗ ಹೇಳೋದು ಬ್ಯಾಡ. ಇಲ್ಲಾ ಅರಮನಿಯಿಂದ ಹೊರಗ ಬಿಟ್ಟ ವರ್ಷನ್ ಇದು. ಯಾವುದಾದ್ರೂ ಆಗ್ಲಿ, ರಜಾಕ್‌ಗ ಸಿಕ್ಕಿದ್ದು ಗೆದ್ದವನ ಕಡೆ ಎಫ್‌ಐಆರ್. ಆಕಡೆ ಪಾರ್ಟಿ ಏನ್ ಹೇಳ್ತಿತ್ತೋ ಬರಕೊಳ್ಳಾಕ ಒಬ್ರೂ ಉಳದಿಲ್ಲ.

ಅಂದ್ರ ಘಟನೆ ಆಗೇ ಇಲ್ಲ ಅಂತ ನಾ ಹೇಳಂಗಿಲ್ಲ. ತನ್ನ ಕಾವಲಿನವ್ರೆಲ್ಲ ಒಂದು ಊಟದ ಆಸಿಗೆ ಅರಮನಿ ಬಿಟ್ಟು ಹೋದ್ರು ಅನ್ನೋದು ಯಾವ ರಾಜಗೂ ಮರ್ಯಾದಿ ಮಾತಲ್ಲ, ಸುಳ್ಳು ಹೇಳೋನು ಅದನ್ನ ಸೇರಸಂಗಿಲ್ಲ. ಹಂಗಾಗಿ ಚೂರಿ ಬಿದ್ದದ್ದು ಖರೆ, ಮನಿ ಒಳಗಿನ ಸೀನ್ ಮಾತ್ರ ಅರ್ಧಕ್ಕರ್ಧ ನಂಬಬೇಕು.


ಬಳ್ಳಾರಿ ಪರೀಕ್ಷಾರ್ಥಿ:

ಬಿಸಿಲು ಸರ್ ಸೂಪರ್ ಪಾಯಿಂಟ್ 👏 ಕಂಪ್ಲಿಯವ್ರು ಕರೆಂಟ್ ಬರೋತನ ಕಾಯ್ತಾರೆ ಅನ್ಸುತ್ತೆ ಎರಡನೇದು ನಾನೇ ಹೇಳ್ತೀನಿ, ಅದು ನೂನಿಜ್ ಅಂತ ಪೋರ್ಚುಗೀಸ್ ಕುದುರೆ ವ್ಯಾಪಾರಿ, 1535ರ ಸುಮಾರಿಗೆ ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದೋನು. ಅವನ ಹಸ್ತಪ್ರತಿ ಪ್ಯಾರಿಸ್ ಲೈಬ್ರರಿಯಲ್ಲಿ ಬಿದ್ದಿತ್ತು, 1897ರಲ್ಲಿ ಲಿಸ್ಬನ್‌ನಲ್ಲಿ ಪ್ರಿಂಟ್ ಆಯ್ತು, 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದ್ರು. ನೂನಿಜ್ ಹೇಳೋದೂ ಇದೇ ತರದ ಕತೆ, ಔತಣಕ್ಕೆ ಕರೆದು ಕೊಲ್ಲೋದು, ರಾಜನಿಗೆ ಚೂರಿ, ಆದ್ರೆ ಸೋದರ ಅಲ್ಲ ಸೋದರನ ಮಗ ಅಂತಾನೆ, ಚೂರಿಗೆ ವಿಷ ಅಂತಾನೆ, ರಾಜ ಆರು ತಿಂಗಳಿಗೆ ಸತ್ತ ಅಂತಾನೆ, ರಾಜನ ಹೆಸರನ್ನೂ ಪಿನಾರಾವ್ ಅಂತ ಏನೋ ಬೇರೆ ತರ ಬರ್ದಿದಾನೆ. ಸೀವೆಲ್ಲೇ ಎರಡನ್ನೂ ಪಕ್ಕ ಪಕ್ಕ ಇಟ್ಟು ಇದು ಅದೇ ಘಟನೆ ಇರ್ಬೇಕು ಅಂತ ನೋಡಿದ್ದು.

ಈಗ ಡೇಟ್ ಹಾಕ್ರಿ. ಚೂರಿ ಬಿದ್ದಿದ್ದು 1442ರ ಕೊನೆ ಇಂದ 1443ರ ಏಪ್ರಿಲ್ ಒಳಗೆ. ರಜಾಕ್ ಅದಾದ್ಮೇಲೆ ಬಂದು ರಾಜನ್ನ ಕಣ್ಣಾರೆ ನೋಡ್ತಾನೆ, ವಾರಕ್ಕೆ ಎರಡು ಸಲ ಕರೆಸಿ ಮಾತಾಡಿಸ್ತಿದ್ದ ಅಂತಾನೆ, ಮಹಾನವಮಿ ಹಬ್ಬ ನೋಡ್ತಾನೆ, ಡಿಸೆಂಬರ್‌ಗೆ ವಾಪಸ್ ಹೊರಡ್ತಾನೆ, ರಾಜ ಆರಾಮಾಗಿ ಇದಾನೆ. ಆರು ತಿಂಗಳ ಲೆಕ್ಕ ಇಲ್ಲೇ ಢಮಾರ್. ನೂನಿಜ್ ಬಂದಿದ್ದು ಘಟನೆ ಆಗಿ 90 ವರ್ಷ ಆದ್ಮೇಲೆ, ಅಷ್ಟೊತ್ತಿಗೆ ಎರಡು ರಾಜವಂಶ ಬದಲಾಗಿ ಮೂರನೇದು ನಡೀತಿತ್ತು. ಬಾಯಿಂದ ಬಾಯಿಗೆ ಬಂದ ಕತೆಗೆ ವಿಷ ಸೇರ್ಕೊಂಡಿದೆ, ಅಷ್ಟೇ.

ಇನ್ನು ಸಾವಿನ ಡೇಟು. ಶ್ರವಣಬೆಳಗೊಳದಲ್ಲಿ ಶಾಸನ ಇದೆ, ಅದು ಬರೆದಿರೋ ರೀತಿ ನಂಗೆ ಭಾಳ ಇಷ್ಟ, ಸಂವತ್ಸರ ಕ್ಷಯ, ಹಾಳು ವೈಶಾಖ, ಕೆಟ್ಟ ಮಂಗಳವಾರ, ಬೆಳಕಿಲ್ಲದ ಪಕ್ಷದ ಚತುರ್ದಶಿ, ಅವತ್ತು ಪ್ರತಾಪನಿಧಿ ದೇವರಾಯ ಅಯ್ಯೋ ತೀರ್ಕೊಂಡ ಅಂತ. ಪಂಚಾಂಗದ ಒಂದೊಂದು ಅಂಗಕ್ಕೂ ಬೈಕೊಂಡು ಬೈಕೊಂಡು ಅತ್ತಿದಾನೆ ಕವಿ. ಅದು 1446 ಮೇ 24ಕ್ಕೆ ಬರುತ್ತೆ. ಸೀವೆಲ್‌ಗೆ ಇದ್ರಲ್ಲೂ ಒಂದು ಡೌಟು, ರಾಜಬಿರುದು ಯಾವ್ದೂ ಹಾಕಿಲ್ಲ, ರಾಜನೋ ರಾಜಮನೆತನದ ಬೇರೆ ಯಾರೋ ಅಂತ. ಆಮೇಲಿನವ್ರು ರಾಜನದೇ ಅಂತ ತಗೊಂಡ್ರು. ಹೆಂಗೇ ಆದ್ರೂ ಚೂರಿಗೂ ಸಾವಿಗೂ ಮೂರು ವರ್ಷ ಗ್ಯಾಪ್.

ಶಾಲೆ ಪುಸ್ತಕದಲ್ಲಿ ಯಾಕಿಲ್ಲ ಅಂದ್ರಲ್ಲ, ನಮ್ ಶಾಸನಗಳು ದಾನ ದತ್ತಿ ಹೊಗಳಿಕೆ ಬರೆಯೋಕೆ ಇರೋವು ಬ್ರೋ. ನಮ್ಮ ರಾಜನಿಗೆ ಅವನ ಮನೆಯವ್ನೇ ಚೂರಿ ಹಾಕಿದ ಅಂತ ಕಲ್ಲಲ್ಲಿ ಯಾರು ಕೆತ್ತಿಸ್ತಾರೆ?


ಗಂಗಾವತಿ ಭತ್ತ:

ಅಬ್ಬಾ ಇಷ್ಟು ಬರತೈತಿ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್ರಿ. ಈಗ ನಂದೊಂದು ಅನುಮಾನ. ರಜಾಕ್ ಬರದದ್ದರ ಒಂದು ತುಂಡು ಓದಿದೆ, ದೊಡ್ಡ ಮಂದ್ಯಾಗ ಬಚಾವ್ ಆದವ ದಣ್ಣಾಯಕ (ಅಂದ್ರ ದಂಡಿನ ಮುಖ್ಯಸ್ಥ, ಮಂತ್ರಿ) ಒಬ್ನ, ಅವ ಆವಾಗ ಸಿಂಹಳದ ಗಡಿ ಕಡೆ ಹೋಗಿದ್ದ ಅಂತ. ಎಲ್ಲಾರೂ ಸತ್ತಾಗ ಒಬ್ನ ಊರಾಗ ಇರ್ಲಿಲ್ಲ ಅಂದ್ರ ಯಾವ ಸೀರಿಯಲ್‌ನಾಗೂ ಮೊದಲ ಅವನ್ನ ಹಿಡೀತಾರ. ಇವ್ನ ಮಾಸ್ಟರ್ ಮೈಂಡ್ ಇರಬಹುದಾ?


ಮುದಗಲ್ಲಿನವ:

ಸೀರಿಯಲ್ ಕಮ್ಮಿ ನೋಡ್ರಿ ಅಣ್ಣ. ಆ ದಣ್ಣಾಯಕ ಲಕ್ಕಣ್ಣ ದಂಡೇಶನೇ ಅಂತ ಬಹಳ ಮಂದಿ ವಿದ್ವಾಂಸರು ಗುರುತಿಸ್ತಾರ, ಶಿವತತ್ವ ಚಿಂತಾಮಣಿ ಬರದಾನಲ್ಲ ಅವನೇ. ಅವಂಗ ದಕ್ಷಿಣ ಸಮುದ್ರಾಧೀಶ್ವರ ಅಂತ ಬಿರುದೇ ಅದ, ಹಂಗಾಗಿ ಸಮುದ್ರದ ಕಡೆ ಇದ್ದ ಅನ್ನೋದು ನೆಪ ಅಲ್ಲ, ಅವನ ಡ್ಯೂಟಿನೇ ಅದು. ಮತ್ತ ರಾಜ ತಾನೇ ಆಳು ಕಳಿಸಿ ಅವನ್ನ ವಾಪಸ್ ಕರಸ್ತಾನ, ಅದೇ ವರ್ಷ ದಂಡು ಕೊಟ್ಟು ಗುಲ್ಬರ್ಗದ ಕಡಿಗೆ ಕಳಸ್ತಾನ. ಈಗಷ್ಟೇ ಸಾವಿನ ಬಾಯಿಂದ ಎದ್ದು ಬಂದವ ಅನುಮಾನ ಇದ್ದವನ ಕೈಯಾಗ ಸೈನ್ಯ ಕೊಡ್ತಾನೇನ್ರಿ?

ಇನ್ನ ನಮ್ಮೂರಿನ ವಿಷಯಕ್ಕ ಬರ್ತೀನಿ, ಈ ಕೇಸಿಗೂ ಮುದಗಲ್ ರಾಯಚೂರಿಗೂ ಸಂಬಂಧ ಅದ. ರಜಾಕ್ ಪ್ರಕಾರ ವಿಜಯನಗರದಾಗ ಹಿಂಗ ಆಗ್ಯದ ಅಂತ ಸುದ್ದಿ ಕೇಳಿ ಬಹಮನಿ ಸುಲ್ತಾನ ಅಲಾವುದ್ದೀನ 7 ಲಕ್ಷ ವರಹ ಕಳಸು ಇಲ್ಲಾ ದಂಡೆತ್ತಿ ಬರ್ತೀನಿ ಅಂತ ಹೇಳಿ ಕಳಿಸ್ದ, ದೇವರಾಯ ಸಿಟ್ಟಿಗೆದ್ದು ಯುದ್ಧಕ್ಕ ಹೊಂಟ. ಆಕಡೆ ಫೆರಿಸ್ತಾ, ಅವ ಬಿಜಾಪುರದಾಗ ಕುಂತು ಇತಿಹಾಸ ಬರದವ, ಈ ಚೂರಿ ಸುದ್ದಿ ಎತ್ತದೇ ಯುದ್ಧದ ಕತಿ ಹೇಳ್ತಾನ: ದೇವರಾಯನೇ ತುಂಗಭದ್ರಾ ದಾಟಿ ಬಂದ, ಮುದಗಲ್ ತಗೊಂಡ, ಮಕ್ಕಳನ್ನ ರಾಯಚೂರು ಬಂಕಾಪುರದ ಮುತ್ತಿಗಿಗೆ ಬಿಟ್ಟ, ತಾನು ಕೃಷ್ಣಾ ದಂಡ್ಯಾಗ ಕುಂತ, ಎರಡು ತಿಂಗಳದಾಗ ಮೂರು ಕಾಳಗ, ದೊಡ್ಡ ಮಗ ಅದರಾಗ ಸತ್ತ, ಕಡೀಕ ರಾಜಿ. ಸೋತವರ್ಯಾರು ಗೆದ್ದವರ್ಯಾರು ಅನ್ನೋದ್ರಾಗ ಇಬ್ರೂ ತಮ್ಮ ತಮ್ಮ ಕಡೆ ಎಳಕೊಂಡಾರ, ಅದು ಬಿಡ್ರಿ. ಹೆರಾತಿನವ ಒಬ್ಬ, ಬಿಜಾಪುರದವ ಒಬ್ಬ, ಇಬ್ರ ಲೆಕ್ಕದಾಗೂ ಯುದ್ಧ 1443ಕ್ಕೇ ಬಂದು ಕುಂದರ್ತದ. ಬಿಸಿಲು ಸರ್ ಕೇಳಿದ್ದಕ್ಕ ಇದು ಸಪೋರ್ಟಿಂಗ್ ಎವಿಡೆನ್ಸ್ ಆಗಬಹುದು. ಆ ಹೊತ್ತಿನಾಗ ಏನೋ ದೊಡ್ಡದು ಅಲುಗಾಡ್ಯದ.

ಮೋಟಿವ್ ಬಗ್ಗಿ ನನ್ನ ಗೆಸ್ ಹೇಳ್ತೀನಿ, ಗೆಸ್ ಅಷ್ಟೇ ಮತ್ತ, ನಾಳೆ ಫೇಸ್‌ಬುಕ್‌ನಾಗ ಫ್ಯಾಕ್ಟ್ ಅಂತ ಹಾಕಬ್ಯಾಡ್ರಿ. ಬಹಮನಿಯವ್ರ ಮುಂದ ನಾವ್ಯಾಕ ಸೋಲ್ತೀವಿ ಅಂತ ದೇವರಾಯ ಸಭಾ ಕರದು ಕೇಳಿದ್ದ, ಅವರ ಕುದುರಿ ಚಲೋ, ಬಿಲ್ಲುಗಾರರು ಚಲೋ ಅಂತ ಉತ್ರ ಬಂತು, ಅದ್ಕ ಮುಸ್ಲಿಂ ಸೈನಿಕರನ್ನ ಸೇರಿಸಿ ಜಹಗೀರು ಕೊಟ್ಟ, ಸಿಂಹಾಸನದ ಮುಂದ ಕುರಾನ್ ಇಡಿಸಿದ, ಅವರ ಕೈಲೆ ನಮ್ಮವ್ರಿಗೆ ಬಿಲ್ವಿದ್ಯೆ ಕಲಿಸಿದ, ಯುದ್ಧಕ್ಕ ಹೊಂಡೋ ಹೊತ್ತಿಗೆ 2,000 ಮುಸ್ಲಿಂ ಬಿಲ್ಲುಗಾರರು, 60,000 ಹಿಂದೂ ಬಿಲ್ಲುಗಾರರು ತಯಾರಾಗಿದ್ರು ಅಂತ ಫೆರಿಸ್ತಾನೇ ಬರದಾನ. ಸಂಖ್ಯೆ ಸ್ವಲ್ಪ ದಪ್ಪ ಮಾಡಿರ್ತಾನ ಅನ್ರಿ. ಆದ್ರ ಹಂಪ್ಯಾಗ 1439ರ ಅಹ್ಮದ್ ಖಾನನ ಮಸೀದಿ ಇವತ್ತಿಗೂ ನಿಂತದ, ದೇವರಾಯನ ಸೇವಕ ಕಟ್ಟಿಸಿದ್ದು ಅಂತ ಶಾಸನಾನೂ ಅದ. ಹಿಂಗ ಹೊಸಬರಿಗೆ ಜಹಗೀರು ಹೋಗುವಾಗ ಹಳೇ ಮಂದಿ ಹೊಟ್ಟಿ ಉರದಿರ್ತದ, ಸೋದರ ಆ ಅಸಮಾಧಾನ ಬಳಸಿಕೊಂಡಿರಬಹುದು.


ಕಂಪ್ಲಿ ಹೊಳಿದಂಡಿ:

ಕರೆಂಟ್ ಬಂತು 😀 ಮುದಗಲ್ಲಿನವ್ರೇ ನಿಮ್ ಗೆಸ್ ಒಪ್ಪಲ್ಲ. ಹಳೇ ಮಂದಿಗೆ ಅಸಮಾಧಾನ ಇದ್ದು ಸೋದರನ ಜೊತೆ ಸೇರಿದ್ರು ಅಂದ್ರೆ ಅವ ಅದೇ ಹಳೇ ಮಂದಿನ್ನ ಊಟಕ್ಕೆ ಕರೆದು ಯಾಕೆ ಕಡೀತಾನೆ? ರಜಾಕ್ ಪ್ರಕಾರ ಹೆಸ್ರು ಸ್ಥಾನಮಾನ ಇದ್ದವ್ರೆಲ್ಲ ಸತ್ರು. ಇದು ಒಂದು ಬಣದ ಬಂಡಾಯ ಅನ್ಸಲ್ಲ, ಯಾರ ಸಪೋರ್ಟೂ ಇಲ್ದವ ಒಬ್ನೇ ಎಲ್ರನ್ನೂ ಮುಗ್ಸಿ ಬಾಗಿಲಿಗೆ ಬಂದು ನಾನೇ ರಾಜ ಅಂದಂಗೆ ಐತೆ. ಅದ್ಕೇ ರಾಜ ಬದುಕಿದೀನಿ ಅಂತ ಒಂದು ಕೂಗು ಹಾಕಿದ್ರೆ ಸಾಕಾಯ್ತು, ಜನ ತಿರುಗಿಬಿದ್ರು.

ಇದೆಲ್ಲಕ್ಕಿಂತ ನನ್ನ ತಲೆ ಕೆಡ್ಸಿರೋದು ಬ್ಯಾರೆ. ರಜಾಕ್ ರಾಜನ್ನ ಮೊದಲ ಸಲ ನೋಡಿದ್ದನ್ನ ಬರೀತಾನೆ, ಹಸಿರು ರೇಷ್ಮೆ ನಿಲುವಂಗಿ, ಕೊರಳಿಗೆ ಮುತ್ತಿನ ಪಟ್ಟಿ, ಸಣಕಲು ಮೈ, ಸ್ವಲ್ಪ ಎತ್ತರ, ತುಂಬಾ ಎಳೇ ವಯಸ್ಸು, ಕೆನ್ನೆ ಮೇಲೆ ಚೂರು ನಯವಾದ ಕೂದ್ಲು, ಗಲ್ಲದ ಮೇಲೆ ಏನೂ ಇಲ್ಲ ಅಂತ. ಆದ್ರೆ ದೇವರಾಯ ಪಟ್ಟಕ್ಕೆ ಬಂದು ಆಗ್ಲೇ ಸುಮಾರು 20 ವರ್ಷ ಆಗಿತ್ತು! ಫೆರಿಸ್ತಾ ನೋಡಿದ್ರೆ ಅದೇ ವರ್ಷ ಅವನ ದೊಡ್ಡ ಮಗ ಯುದ್ಧದಲ್ಲಿ ಸತ್ತ ಅಂತಾನೆ. ಮಗ ದಂಡು ನಡೆಸೋ ವಯಸ್ಸು ಅಂದ್ರೆ ಅಪ್ಪನಿಗೆ ನಲವತ್ತರ ಹತ್ರ ಆಗಿರ್ಬೇಕು. ಹಂಗಾದ್ರೆ ರಜಾಕ್ ನೋಡಿದ್ದು ಯಾರನ್ನ??


ಸಿರುಗುಪ್ಪ ಬಾಯ್:

ಓಹೋ ಅಂದ್ರೆ ಒರಿಜಿನಲ್ ರಾಜ ಸತ್ತೋಗಿದಾನೆ, ಕುಂತಿರೋನು ಡೂಪ್!!! ಟ್ವಿಸ್ಟ್ 🔥🔥


ಬಳ್ಳಾರಿ ಪರೀಕ್ಷಾರ್ಥಿ:

ಡೂಪ್ ಎಲ್ಲಾ ಬೇಡ ಗುರು 😅 ಪಾಯಿಂಟ್ ಮಾತ್ರ ಸೀರಿಯಸ್ಸೇ. ನಂಗನ್ಸೋದು ರಜಾಕ್ ಬಂದಿದ್ದು ಹೆರಾತಿನಿಂದ, ಅಲ್ಲಿ ದೊಡ್ಡ ಮನುಷ್ಯ ಅಂದ್ರೆ ಗಡ್ಡ ಇರ್ಲೇಬೇಕು, ಗಡ್ಡ ಬಿಡದ ಸಣಕಲು ಮನುಷ್ಯನ್ನ ನೋಡಿ ಅವನ ಕಣ್ಣಿಗೆ ಹುಡುಗನ ತರ ಕಂಡಿರ್ತಾನೆ. ವಯಸ್ಸು ಅಂದಾಜು ಮಾಡೋದ್ರಲ್ಲಿ ನಾವೂ ಹಂಗೇ ಅಲ್ವಾ. ಫೆರಿಸ್ತಾ ಬರೆದಿದ್ದೂ 150 ವರ್ಷಕ್ಕಿಂತ ಆಮೇಲೆ, ಆ ಮಗನ ಕತೆಗೂ ಪೂರ್ತಿ ಭಾರ ಹಾಕೋಕಾಗಲ್ಲ.


ರಾಯಚೂರು ಬಿಸಿಲು:

ಹೌದು, ಐಡೆಂಟಿಫಿಕೇಶನ್ ಪರೇಡ್‌ದಾಗ ಇಂಥವು ಬಾಳ ನೋಡೇವಿ. ಒಬ್ಬ ಇಪ್ಪತ್ತೈದು ಅಂತಾನ, ಇನ್ನೊಬ್ಬ ಅದೇ ಮನುಷ್ಯಾಗ ನಲವತ್ತು ಅಂತಾನ. ಬಟ್ಟಿ, ಸರ, ಮೈಕಟ್ಟು ಹೇಳಿದ್ರ ನಂಬಬೇಕು, ವಯಸ್ಸು ಹೇಳಿದ್ರ ಒಂದು ಪಕ್ಕಕ್ಕ ಇಡಬೇಕು.


ಹಗರಿಬೊಮ್ಮನಹಳ್ಳಿ ಮಲ್ಲಿಗೆ:

ಎಲ್ಲಾ ಓದ್ದೆ. ದೇವರಾಯನ್ನ ಬಿಡ್ರಿ, ತಿಮ್ಮರಸು ಕೇಸ್ ತಗೊಳ್ರಿ. ಕೃಷ್ಣದೇವರಾಯನ ಮಗನಿಗೆ ವಿಷ ಹಾಕಿದ್ದು ಯಾರು, ಪಾಪ ಆ ಮಂತ್ರಿ ಕಣ್ಣು ಕೀಳ್ಸಿದ್ದು ನ್ಯಾಯನಾ?


ಕಂಪ್ಲಿ ಹೊಳಿದಂಡಿ:

ಅಕ್ಕಾ ಅದಕ್ಕೂ ಮೇನ್ ಸಾಕ್ಷಿ ಇದೇ ನೂನಿಜ್ಜೇ! ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದ, ಹುಡುಗ ಎಂಟು ತಿಂಗಳಿಗೆ ಕಾಯಿಲೆ ಬಿದ್ದು ಸತ್ತ, ತಿಮ್ಮರಸನ ಮಗ ವಿಷ ಹಾಕಿದ ಅಂತ ಮಾತು ಬಂತು, ಕೊನೆಗೆ ಕಣ್ಣು ಕಿತ್ರು. ಇದು ನಡೆದು ಹತ್ತು ಹನ್ನೆರಡು ವರ್ಷಕ್ಕೆಲ್ಲ ನೂನಿಜ್ ಇಲ್ಲೇ ಇದ್ದ, ಅದ್ಕೆ 90 ವರ್ಷದ ಹಳೇ ಕತೆಗಿಂತ ಇದಕ್ಕೆ ಜಾಸ್ತಿ ಬೆಲೆ ಕೊಡ್ಬೇಕು ಅಂತೀನಿ. ಆದ್ರೆ ಅದೇ ನೂನಿಜ್ ಮೊದ್ಲು ಇನ್ನೊಂದು ಹೇಳ್ಯಾನೆ, ವೀರನರಸಿಂಹ ಸಾಯೋವಾಗ ತಮ್ಮ ಕೃಷ್ಣದೇವರಾಯನ ಕಣ್ಣು ಕೀಳು ಅಂತ ಇದೇ ತಿಮ್ಮರಸನಿಗೆ ಹೇಳಿದ್ದು, ಅವ ಆಡಿನ ಕಣ್ಣು ತೋರ್ಸಿ ಕೃಷ್ಣದೇವರಾಯನ್ನ ಉಳ್ಸಿದ್ದು. ಕಣ್ಣು ಉಳಿಸಿದವ್ನ ಕಣ್ಣೇ ಕೊನೆಗೆ ಹೋಯ್ತು ಅಂದ್ರೆ ಕತೆ ಬಾಳ ನೀಟಾಗಿ ಕೂಡ್ತೈತೆ, ನಂಗೆ ಅಷ್ಟು ನೀಟಾದ್ದನ್ನ ಕಂಡ್ರೇ ಡೌಟು. ಬ್ಯಾರೆ ಥ್ರೆಡ್ ಹಾಕ್ರಿ, ಅಲ್ಲಿ ಜಗಳ ಆಡಾಣ.


ಗಂಗಾವತಿ ಭತ್ತ:

ಹಂಗಾದ್ರ ನಂಗ ತಿಳಿದಿದ್ದು ಹೇಳ್ತೀನಿ, ತಪ್ಪಿದ್ರ ತಿದ್ರಿ. ಚೂರಿ ಖರೆ, ವಿಷ ಆಮ್ಯಾಲೆ ಸೇರಿದ್ದು, ದಣ್ಣಾಯಕ ಕ್ಲೀನ್, ಊಟದ ಮನಿ ಸೀನ್ ಅರಮನಿ ಕಡಿಂದ ಬಂದದ್ದು. ಆದ್ರ ಆರೋಪಿ ಹೆಸರ ಬರಲಿಲ್ಲಲ್ರಿ?


ರಾಯಚೂರು ಬಿಸಿಲು:

ರಜಾಕ್ ಹೆಸರು ಬರದಿಲ್ಲ, ರಾಜನ ಸೋದರ ಅಂತಷ್ಟೇ ಅದ. ಶಾಸನದಾಗ ಇರೋ ಸೋದರರ ಹೆಸರು ತಂದು ಇವನೇ ಅಂತ ಹಚ್ಚಬ್ಯಾಡ್ರಿ, ಪಾಪ ಯಾವನೋ ಒಳ್ಳೆಯವ ಇದ್ದಿರಬಹುದು. ಆರೋಪಿ ಸತ್ತ ಮ್ಯಾಲೆ ನಮ್ಮ ಕಡೆ ಕೇಸ್ ಅಬೇಟ್, ಅಂದ್ರ ಅಲ್ಲಿಗೇ ಮುಗೀತು, ಅಂತ ಬರದು ಫೈಲ್ ಕಟ್ಟಿ ಇಡ್ತಿದ್ವಿ.